ಗಾಡಿ ತೊಳಿಯಾಕ ಬಿ.ಇ. ಯಾಕ ಬೇಕ?

‘ಗಾಡಿ ತೊಳಿಯಾಕ ಬಿ.ಇ. ಯಾಕ ಬೇಕ ತಮ್ಮಾ?’ ಕೊಣ್ಣೂರಿನ ಹಿರಿಯರೊಬ್ಬರು ತಮ್ಮ ಕಾರಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತು ಕೇಳಿದ ಪ್ರಶ್ನೆ ಇದು. ನಾನು ಆಗ ಅವರ ಕಾರಿನ ಹಿಂದಿನ ಸೀಟಿನ ಕೆಳಗಿಂದ ಶೇಂಗಾ ಸಿಪ್ಪೆ ಹೀರಿ ತೆಗೆಯುತ್ತಿದ್ದೆ. ವ್ಯಾಕ್ಯೂಮ್ ಸದ್ದಿನಲ್ಲಿ ಕೇಳಿಸಲಿಲ್ಲ ಎಂಬಂತೆ ನಟಿಸಿದೆ. ಆದರೆ ಪ್ರಶ್ನೆ ಮನೆಯವರೆಗೂ ಹಿಂಬಾಲಿಸಿತು. ಅದಕ್ಕೆ ಉತ್ತರ ಹುಡುಕುವಾಗ ಇನ್ನೊಂದು ಪ್ರಶ್ನೆ ಎದುರಾಯಿತು: ಸರ್ಕಾರದ ಲೆಕ್ಕದಲ್ಲಿ ನಾನು ಯಾರು? ವಿದ್ಯಾರ್ಥಿಯೇ, ನಿರುದ್ಯೋಗಿಯೇ, ಉದ್ಯೋಗಸ್ಥನೇ, ಉದ್ಯಮಿಯೇ?

ಉತ್ತರ ಕೇಳಿದರೆ ನಗು ಬರುತ್ತದೆ. ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಿಂದೀಚಿನ ನಿರುದ್ಯೋಗದ ಅಂಕಿಅಂಶವನ್ನು ಪ್ರತಿ ತಿಂಗಳೂ ಪ್ರಕಟಿಸುತ್ತಿದೆ. ಪಿಎಲ್‌ಎಫ್‌ಎಸ್ ಎಂದು ಕರೆಯುವ ಕಾರ್ಮಿಕ ಸಮೀಕ್ಷೆಯದು ಈ ಅಂಕಿ. ಮೊದಲ ತಿಂಗಳ ನಿರುದ್ಯೋಗ ಪ್ರಮಾಣ ಶೇ 5.1 ಎಂದು ಬಂದಾಗ ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಇದು ವಾರದ ಲೆಕ್ಕ. ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಆ ವ್ಯಕ್ತಿ ಉದ್ಯೋಗಸ್ಥ. ಭಾನುವಾರ ಬೆಳಿಗ್ಗೆ ಒಂದು ಕಾರು ತೊಳೆದು, ಸೋಮವಾರದಿಂದ ಶನಿವಾರದವರೆಗೆ ತರಗತಿಯ ಕೊನೆಯ ಬೆಂಚಿನಲ್ಲಿ ತೂಕಡಿಸುವ ನಾನು ಈ ದೇಶದ ಉದ್ಯೋಗಸ್ಥರಲ್ಲಿ ಒಬ್ಬ. ಬಕೆಟ್ ಹಿಡಿಯುವ, ಸಂಬಳದ ಬದಲು ಮಿರ್ಚಿ ಭಜಿ ತಿನ್ನುವ ನನ್ನ ತಮ್ಮನೂ ಅಷ್ಟೇ. ಮನೆಯ ಉದ್ದಿಮೆಗೆ ಸಂಬಳವಿಲ್ಲದೆ ನೆರವಾಗುವವರು ಆ ಸಮೀಕ್ಷೆಯಲ್ಲಿ ಸ್ವಯಂ ಉದ್ಯೋಗಿಗಳ ಸಾಲಿನಲ್ಲಿ ಬರುತ್ತಾರೆ. 2023–24ರ ವಾರ್ಷಿಕ ವರದಿಯ ಪ್ರಕಾರ ದೇಶದಲ್ಲಿ ದುಡಿಯುವ ಪ್ರತಿ ನೂರು ಜನರಲ್ಲಿ 58ಕ್ಕೂ ಹೆಚ್ಚು ಮಂದಿ ಸ್ವಯಂ ಉದ್ಯೋಗಿಗಳು. ತಿಂಗಳ ಸಂಬಳ ಎಣಿಸುವವರು 22ರ ಆಸುಪಾಸು.

ಇದರಲ್ಲಿ ಮೋಸವಿದೆ ಎಂದು ನಾನು ಹೇಳುತ್ತಿಲ್ಲ. ಒಂದು ಗಂಟೆಯ ಈ ವ್ಯಾಖ್ಯೆ ಜಗತ್ತಿನ ಹಲವು ದೇಶಗಳಲ್ಲಿದೆ. ನನ್ನ ತಕರಾರು ಬೇರೆ. ‘ಕೆಲಸ ಇದೆ’ ಎನ್ನುವ ಒಂದೇ ಮಾತಿನೊಳಗೆ ಡಿಸೆಂಬರ್ ಇದೆ, ಆಗಸ್ಟೂ ಇದೆ. ಎರಡರ ನಡುವಿನ ಅಂತರ ಎಷ್ಟೆಂದು ಗಾಡಿ ತೊಳೆಯುವವರಿಗೆ ಗೊತ್ತು.

ನಮ್ಮ ಕೆಲಸ ಶುರುವಾದದ್ದೇ ಒಂದು ಆಪತ್ತಿನಿಂದ. 2024ರ ಜುಲೈ ಕೊನೆಯಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿ, ಗೋಕಾಕದ ತಗ್ಗಿನ ಓಣಿಗಳಿಗೆ ನೀರು ನುಗ್ಗಿತು. 2019ರ ಆಗಸ್ಟ್ ಕಂಡವರಿಗೆ ಅದು ಹೊಸದೇನಲ್ಲ. ನನ್ನ ಗೆಳೆಯ ಐಟಿಐ ಓದಿದವನು, ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದ. ಅವನ ಮಾವನ ಕಾರಿನೊಳಗೆ ಸೀಟಿನ ಮಟ್ಟಕ್ಕೆ ನೀರು ನಿಂತು ಇಳಿದಿತ್ತು. ಇಂಥ ಗಾಡಿಯಲ್ಲಿ ಮೊದಲು ಮಾಡಬಾರದ ಕೆಲಸವೆಂದರೆ ಕೀಲಿ ತಿರುಗಿಸುವುದು. ಸಿಲಿಂಡರಿನೊಳಗೆ ನೀರು ಸೇರಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅವನು ಬ್ಯಾಟರಿ ಕಳಚಿ, ನಾವಿಬ್ಬರೂ ಸೇರಿ ಸೀಟು, ಕಾರ್ಪೆಟ್ ಎಲ್ಲ ಹೊರಗೆ ತೆಗೆದು, ಮೂರು ದಿನ ಕೆಸರು ತೊಳೆದೆವು. ಹೊಳೆಯ ಕೆಸರು ಹಿಟ್ಟಿನಷ್ಟು ನುಣುಪು, ಸೀಟ್ ಬೆಲ್ಟಿನ ಸುರುಳಿಯೊಳಗೂ ಸೇರಿತ್ತು. ಮಾವ ಸಂತೋಷಪಟ್ಟು ಎರಡು ಸಾವಿರ ಕೊಟ್ಟರು. ಪಕ್ಕದ ಮನೆಯವರು ‘ನಮ್ಮದೂ ಒಂದು ಮಾಡಿಕೊಡ್ರಿ’ ಅಂದರು. ಆ ವರ್ಷದ ದೀಪಾವಳಿಗೆ, ಅದೇ ಮಾವನ ಹಳೆಯ ಓಮ್ನಿ ವ್ಯಾನಿನಲ್ಲಿ ಇನ್ನೂರು ಲೀಟರಿನ ಬ್ಯಾರಲ್ ಇಟ್ಟುಕೊಂಡು, ಮನೆ ಬಾಗಿಲಿಗೇ ಹೋಗಿ ಗಾಡಿ ತೊಳೆಯುವ ಕೆಲಸ ಆರಂಭಿಸಿದೆವು. ಗೆಳೆಯ ವಾರವಿಡೀ ದುಡಿಯುತ್ತಾನೆ, ನಾನು ಭಾನುವಾರ ಮತ್ತು ರಜೆಯಲ್ಲಿ. ಗಳಿಕೆಯಲ್ಲಿ ಅವನದು ಮೂರರಲ್ಲಿ ಎರಡು ಪಾಲು.

ಮೊದಲ ಪೆಟ್ಟು ನನ್ನ ಇಲೆಕ್ಟ್ರಿಕಲ್ ವಿದ್ಯೆಗೇ ಬಿತ್ತು. ಪ್ರೆಷರ್ ವಾಷರ್‌ನ ಮೋಟಾರು 1,500 ವ್ಯಾಟ್. ನಮ್ಮಲ್ಲಿದ್ದದ್ದು ಮನೆಯ ಇನ್ವರ್ಟರಿನ 12 ವೋಲ್ಟ್, 150 ಆಂಪಿಯರ್–ಅವರ್ ಬ್ಯಾಟರಿ. ಗುಣಿಸಿದರೆ 1,800 ವ್ಯಾಟ್–ಅವರ್, ಅಂದರೆ ಒಂದು ಗಂಟೆಗೂ ಹೆಚ್ಚು ಓಡಬೇಕು ಎಂದು ಗೆಳೆಯನ ಮುಂದೆ ಜಂಬದಿಂದ ಹೇಳಿದ್ದೆ. ಅರ್ಧ ಗಂಟೆಗೆ ಇನ್ವರ್ಟರ್ ಕೂಗಿಕೊಂಡು ನಿಂತಿತು. ಬ್ಯಾಟರಿಯ ಮೇಲೆ ಬರೆದ 150 ನಿಧಾನವಾಗಿ ಇಪ್ಪತ್ತು ಗಂಟೆ ಖಾಲಿ ಮಾಡಿದಾಗಿನ ಲೆಕ್ಕ. ಒಮ್ಮೆಗೇ 125 ಆಂಪಿಯರ್‌ಗಿಂತ ಹೆಚ್ಚು ಎಳೆದರೆ ಲೆಡ್–ಆ್ಯಸಿಡ್ ಬ್ಯಾಟರಿ ಅಷ್ಟು ಕೊಡುವುದಿಲ್ಲ. ಪರೀಕ್ಷೆಯಲ್ಲಿ ಇದನ್ನೇ ಬರೆದು ಅಂಕ ಪಡೆದಿದ್ದೆ, ಓಣಿಯಲ್ಲಿ ಮರೆತಿದ್ದೆ. ಪರಿಹಾರ ಸಿಕ್ಕಿದ್ದು ಮೂಡಲಗಿಯ ಕೃಷಿ ಸಾಮಗ್ರಿ ಅಂಗಡಿಯಲ್ಲಿ. ಔಷಧ ಹೊಡೆಯಲು ರೈತರು ಬೆನ್ನಿಗೆ ಹಾಕಿಕೊಳ್ಳುವ ಹದಿನಾರು ಲೀಟರಿನ ಬ್ಯಾಟರಿ ಪಂಪು! ಹೊಸದೊಂದನ್ನು ಕೊಂಡು ಬರೀ ನೀರಿಗೆ, ಶಾಂಪೂಗೆ ಇಟ್ಟುಕೊಂಡೆವು. ಅದು ಬಂದ ಮೇಲೆ ಒಂದು ಕಾರಿಗೆ ಸುಮಾರು ಮೂವತ್ತು ಲೀಟರ್ ಸಾಕಾಗುತ್ತದೆ. ಪೈಪು ಬಿಟ್ಟು ತೊಳೆಯುವಾಗ ಬ್ಯಾರಲ್ ಮುಕ್ಕಾಲು ಭಾಗ ಖಾಲಿಯಾಗುತ್ತಿತ್ತು.

ಈ ನೀರಿನ ಮಾತು ಸಣ್ಣದಲ್ಲ. ಜಲಜೀವನ ಮಿಷನ್ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗುರಿ ಇಟ್ಟಿದೆ. ಪೈಪಿನಲ್ಲಿ ತೊಳೆದ ಒಂದು ಕಾರು ಸುಮಾರು ಮೂವರ ಒಂದು ದಿನದ ನೀರು ಕುಡಿಯುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಇದೇ ನಿರ್ಬಂಧ ಹಾಕಿತ್ತು; 2018ರಲ್ಲಿ ಅಲ್ಲಿ ಒಬ್ಬರ ಪಾಲು ದಿನಕ್ಕೆ 50 ಲೀಟರ್. ನಮ್ಮ ತಾಲ್ಲೂಕುಗಳಲ್ಲಿ ಅಂಥ ಆದೇಶವಿಲ್ಲ. ಹಿಡಕಲ್ ಜಲಾಶಯ ಹುಕ್ಕೇರಿಯಲ್ಲೇ ಇದೆ, ಧೂಪದಾಳದ ಒಡ್ಡು ಕಣ್ಣೆದುರಿಗಿದೆ. ಆದರೂ ಏಪ್ರಿಲ್–ಮೇ ತಿಂಗಳಲ್ಲಿ ಫಾಲ್ಸ್‌ಗೆ ಬಂದು ನೋಡಿ. 170 ಅಡಿ ಎತ್ತರದಿಂದ ಧುಮುಕುವ ನೀರು ಮಾಯವಾಗಿ ಬರೀ ಬಂಡೆ ಬಿಸಿಲು ಕಾಯುತ್ತಿರುತ್ತದೆ. ಆಗ ಕೊಡ ಹಿಡಿದು ನಿಂತವರ ಎದುರು ಕಾರಿಗೆ ನೀರು ಹೊಡೆಯುವುದಕ್ಕೆ ಆದೇಶ ಬೇಕಿಲ್ಲ, ನಾಚಿಕೆ ಇದ್ದರೆ ಸಾಕು.

ಋತುಗಳ ವಿಷಯಕ್ಕೆ ಬರುತ್ತೇನೆ. ನಗರದ ಡಿಟೇಲಿಂಗ್ ಅಂಗಡಿಗಳ ವಿಡಿಯೊ ನೋಡಿ ಕಲಿತದ್ದು ನಮ್ಮೂರಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬಂತು. ಇಲ್ಲಿನ ಕೊಳೆ ಬೇರೆ, ಅದರ ಪಂಚಾಂಗವೂ ಬೇರೆ.

ನವೆಂಬರ್‌ನಿಂದ ಕಬ್ಬು ನುರಿಸುವ ಹಂಗಾಮು. ಕಾರ್ಖಾನೆಗಳ ಸುತ್ತಲಿನ ಊರುಗಳಲ್ಲಿ ಕಬ್ಬಿನ ಸಿಪ್ಪೆ ಉರಿದ ಕರಿ ಬೂದಿ ರಾತ್ರಿ ಇಬ್ಬನಿಯ ಜೊತೆ ಗಾಡಿಯ ಮೇಲೆ ಕೂರುತ್ತದೆ. ಮಾಲೀಕರು ಬೆಳಿಗ್ಗೆ ಎದ್ದು ಒಣ ಅರಿವೆಯಿಂದ ಒರೆಸುತ್ತಾರೆ. ಅದೇ ತಪ್ಪು. ಬೂದಿಯ ಜೊತೆ ರಸ್ತೆಯ ಮರಳೂ ಇರುತ್ತದೆ. ಬಣ್ಣದ ಮೇಲಿನ ಪಾರದರ್ಶಕ ಪದರದ ದಪ್ಪ 40–50 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ತೆಳು. ಒಣಗಿದ ಅರಿವೆ ಆ ಮರಳನ್ನು ಉಜ್ಜುಕಾಗದವನ್ನಾಗಿ ಮಾಡುತ್ತದೆ. ಬಿಸಿಲಿನಲ್ಲಿ ಕಾಣುವ ಜೇಡರ ಬಲೆಯಂಥ ಗೆರೆಗಳು ಹುಟ್ಟುವುದು ಹೀಗೆ. ಮೊದಲು ನೆನೆಸಿ, ಶಾಂಪೂ ಹೊಡೆದು ಐದು ನಿಮಿಷ ಬಿಟ್ಟು, ನೀರಿನಿಂದಲೇ ಬೂದಿ ಇಳಿಸಿ, ಆಮೇಲೆ ಕೈ ಹಚ್ಚಬೇಕು. ಒಂದು ಬಕೆಟ್ ಸೋಪಿಗೆ, ಇನ್ನೊಂದು ಬಟ್ಟೆ ಜಾಲಾಡಲು. ಎರಡನೇ ಬಕೆಟ್ಟಿನ ತಳದಲ್ಲಿ ಕೂತ ಮರಳನ್ನು ತೋರಿಸಿದ ಮೇಲೆ ಗಿರಾಕಿ ಚೌಕಾಸಿ ಮಾಡುವುದು ಕಡಿಮೆ.

ಫೆಬ್ರುವರಿಯಲ್ಲಿ ಭಾರತ ಹುಣ್ಣಿಮೆ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗಿ ಬಂದ ಗಾಡಿಗಳ ತುಂಬ ಭಂಡಾರ. ಮೊದಲ ವರ್ಷ ಬಿಳಿ ಸೀಟಿನ ಮೇಲಿನ ಅರಿಷಿಣಕ್ಕೆ ನಾವು ಬಟ್ಟೆ ಸೋಪಿನ ಪುಡಿ ಹಾಕಿ ತಿಕ್ಕಿದೆವು. ಕಣ್ಣೆದುರೇ ಹಳದಿ ಕಲೆ ರಕ್ತದಂತೆ ಕೆಂಪಾಯಿತು. ಗಾಡಿಯ ಯಜಮಾನರು ‘ದೇವಿ ಸಿಟ್ಟಾದಳು’ ಅಂದರು. ಗೆಳೆಯ ನನ್ನ ಮುಖ ನೋಡಿದ, ನಾನು ಪಿಯುಸಿಯ ರಸಾಯನಶಾಸ್ತ್ರ ನೆನೆಸಿಕೊಂಡೆ. ಅರಿಷಿಣದ ಬಣ್ಣ ಕ್ಷಾರ ತಾಗಿದರೆ ಕೆಂಪಾಗುತ್ತದೆ; ಅಜ್ಜಿ ಅರಿಷಿಣಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದೇ ಸೂತ್ರದಿಂದ. ಕೊನೆಗೆ ಸೀಟ್ ಕವರಿನ ದುಡ್ಡು ನಮ್ಮ ಕೈಯಿಂದ ಹೋಯಿತು. ಈಗ ನೀರು ಮುಟ್ಟಿಸದೆ ಪೂರ್ತಿ ವ್ಯಾಕ್ಯೂಮ್ ಹೊಡೆದು, ಕ್ಷಾರವಿಲ್ಲದ ಶಾಂಪೂವಿನಿಂದ ಒತ್ತಿ ತೆಗೆದು, ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸುತ್ತೇವೆ. ಅರಿಷಿಣದ ಬಣ್ಣ ಬಿಸಿಲಿಗೆ ತಾನೇ ಮಾಸುತ್ತದೆ. ‘ಬಿ.ಇ. ಯಾಕ ಬೇಕ’ ಎಂದವರಿಗೆ ಇದನ್ನು ಹೇಳಬಹುದಿತ್ತು, ಆದರೆ ಇದಕ್ಕೂ ಬಿ.ಇ. ಬೇಕಾಗಿರಲಿಲ್ಲ.

ಬೇಸಿಗೆಯಲ್ಲಿ ಮದುವೆಗಳಿವೆ, ದುಡಿಮೆ ಇದೆ, ಬಿಸಿಲು ಶತ್ರು. ಒಂಬತ್ತು ಗಂಟೆಯ ಮೇಲೆ ಬಾನೆಟ್ ಮುಟ್ಟಲಾಗದು, ಶಾಂಪೂ ಹಚ್ಚಿದಲ್ಲೇ ಒಣಗುತ್ತದೆ. ಬೋರ್‌ವೆಲ್ಲಿನ ಗಡುಸು ನೀರು ಆರಿದ ಕಡೆ ಸುಣ್ಣದ ಬಿಳಿ ಚುಕ್ಕೆ. ಹೀಗಾಗಿ ಬೆಳಿಗ್ಗೆ ಐದೂವರೆಗೇ ಗಿರಾಕಿಯ ಬಾಗಿಲು ಬಡಿಯಬೇಕು, ಬೈಸಿಕೊಳ್ಳಬೇಕು.

ಮತ್ತೆ ಮಳೆಗಾಲ. ವರ್ಷದಲ್ಲಿ ಅತಿ ಹೆಚ್ಚು ಕಾರುಗಳು ಗೋಕಾಕ ಫಾಲ್ಸ್‌ಗೆ ಬರುವುದು ಜುಲೈ–ಆಗಸ್ಟ್‌ನಲ್ಲಿ. ತೂಗುಸೇತುವೆಯ ಈಚೆ ಕಾರುಗಳ ಸಾಲು, ಜೋಳದ ತೆನೆ ಸುಡುವ ಹೊಗೆ, ಸೆಲ್ಫಿ. ನಮ್ಮ ಮನೆಯ ಮುಂದೆಯೇ ಇಷ್ಟು ಗಾಡಿ ಸಾಗುವಾಗ ನಮ್ಮ ವ್ಯಾನು ಮಾತ್ರ ನಿಂತಿರುತ್ತದೆ. ಮಳೆಯಲ್ಲಿ ಕಾರು ತೊಳೆಸುವ ಜಾಣ ಯಾರಿದ್ದಾನೆ? ಎರೆಮಣ್ಣಿನ ಹೊಲದ ದಾರಿಯಿಂದ ಬಂದ ಗಾಡಿಯ ಚಕ್ರದ ಗೂಡು ಸಿಮೆಂಟ್ ಮೆತ್ತಿದಂತಿದ್ದರೂ ‘ಮಳಿ ನಿಲ್ಲಲಿ ತಡಿ’ ಎನ್ನುತ್ತಾರೆ. ಅಷ್ಟರಲ್ಲಿ ಒಳಗೆ ಸೀಟಿಗೆ ಬೂಸಲು ಹಿಡಿದಿರುತ್ತದೆ. ಕಳೆದ ಆಗಸ್ಟ್‌ನಲ್ಲಿ ನಾವು ಮುಟ್ಟಿದ್ದು ಒಂಬತ್ತು ಗಾಡಿ. ಬಂದದ್ದು 5,400 ರೂಪಾಯಿ. ಅದರ ಹಿಂದಿನ ಡಿಸೆಂಬರ್‌ನಲ್ಲಿ 48 ಗಾಡಿಗೆ ಇಪ್ಪತ್ತೊಂದು ಸಾವಿರದ ಮೇಲಿತ್ತು. ಕೇಂದ್ರದ ಲೆಕ್ಕದಲ್ಲಿ ಮಾತ್ರ ಎರಡೂ ತಿಂಗಳು ನಾವಿಬ್ಬರೂ ಉದ್ಯೋಗಸ್ಥರೇ.

ಇನ್ನು ಕಬ್ಬಿನ ಬಿಲ್ಲು. ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮನೆಯ ದುಡ್ಡು ಕಬ್ಬಿನಿಂದ ಬರುತ್ತದೆ. ಕಳೆದ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಾಗ, ಇನ್ನು ನಮ್ಮ ಕೆಲಸಕ್ಕೆ ಸುಗ್ಗಿ ಎಂದುಕೊಂಡಿದ್ದೆವು. ಖಂಡೆ ಪೂಜೆಗೆ ಓಣಿಗೊಂದು ಹೊಸ ಕಾರು ಬಂತು. ಆಮೇಲೆ ನವೆಂಬರ್ ಮೊದಲ ವಾರ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ರೈತರು ರಸ್ತೆಗೆ ಕುಳಿತರು. ಸರ್ಕಾರ 3,300ಕ್ಕೆ ಇತ್ಯರ್ಥ ಮಾಡುವವರೆಗೆ ನಮಗೂ ರಸ್ತೆ ಇರಲಿಲ್ಲ. ಆ ವಾರದ ಬುಕಿಂಗ್ ಎಲ್ಲ ಹೋಯಿತು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು. ಆದರೆ ಕುಳಿತವರಲ್ಲಿ ನಮ್ಮ ದೊಡ್ಡಪ್ಪನೂ ಇದ್ದ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಪಾವತಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಆ ಹದಿನಾಲ್ಕು ದಿನ ಹಿಗ್ಗಿದರೆ ನಮ್ಮ ಡೈರಿಯಲ್ಲಿ ‘ಬಾಕಿ’ ಎಂಬ ಸಾಲು ಹಿಗ್ಗುತ್ತದೆ. ಟನ್ನಿಗೆ ಇನ್ನೂರು ರೂಪಾಯಿ ವ್ಯತ್ಯಾಸ ಗಾಡಿ ತೊಳೆಯುವವನಿಗೇಕೆ ಎಂದು ಕೇಳಿದ ಸಹಪಾಠಿಗೆ ನಾನು ಆ ಡೈರಿ ತೋರಿಸಿದ್ದೆ.

ಇಷ್ಟೆಲ್ಲ ಹೇಳುತ್ತಿರುವುದು ಈಗ ನಮ್ಮ ಮುಂದಿರುವ ಒಂದು ಅರ್ಜಿಯ ಕಾರಣಕ್ಕೆ. ಓಮ್ನಿ ಇನ್ನು ಹೆಚ್ಚು ದಿನ ಓಡುವುದಿಲ್ಲ. ಗೆಳೆಯ ಮುದ್ರಾ ಯೋಜನೆಯ ‘ಕಿಶೋರ್’ ವರ್ಗದಲ್ಲಿ ಮೂರು ಲಕ್ಷ ಸಾಲ ತೆಗೆದು ಗಾಡಿ, ಜನರೇಟರ್ ಕೊಳ್ಳೋಣ ಎನ್ನುತ್ತಾನೆ. ಇಬ್ಬರ ಹೆಸರಿನಲ್ಲಿ. ಆ ವರ್ಗಕ್ಕೆ 50 ಸಾವಿರದಿಂದ ಐದು ಲಕ್ಷದವರೆಗೆ ಸಾಲ, ಅಡಮಾನ ಬೇಡ. ಉದ್ಯಮ್ ನೋಂದಣಿ ಉಚಿತ, ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನಮ್ಮಂಥ ಸೇವೆಗೆ ಜಿಎಸ್‌ಟಿ ನೋಂದಣಿಯ ಗೋಜಿಲ್ಲ. ಕಾಗದದ ಮೇಲೆ ದಾರಿ ಸುಗಮ. ಶೇ 11ರ ಬಡ್ಡಿ, ಐದು ವರ್ಷ ಎಂದು ಹಿಡಿದರೆ ತಿಂಗಳ ಕಂತು ಸುಮಾರು 6,500 ರೂಪಾಯಿ. ಆಗಸ್ಟ್‌ನಲ್ಲಿ ನಮಗೆ ಬಂದ ಒಟ್ಟು ಹಣ 5,400. ಬ್ಯಾಂಕಿನ ಕಂತಿಗೆ ಋತು ಇಲ್ಲ. ಬೆಳೆಸಾಲಕ್ಕೆ ಸುಗ್ಗಿ ನೋಡಿ ಮರುಪಾವತಿಯ ಗಡುವು ಇಡುವ ಪದ್ಧತಿ ಇದೆ. ಸುಗ್ಗಿಯನ್ನೇ ನಂಬಿದ ಸಣ್ಣ ಸೇವೆಗಳಿಗೂ ಅದೇ ರೀತಿ ಮಳೆಗಾಲದ ಮೂರು ತಿಂಗಳು ಕಂತು ಕಡಿಮೆ, ಸುಗ್ಗಿಯಲ್ಲಿ ಹೆಚ್ಚು ಎಂದು ಏಕೆ ಇಡಬಾರದು? ಸ್ವಯಂ ಉದ್ಯೋಗವನ್ನು ನೌಕರಿಗೆ ಬದಲಿ ಎಂದು ಹೇಳುವ ಸರ್ಕಾರಗಳು ಮೊದಲು ಯೋಚಿಸಬೇಕಾದ ವಿಷಯ ಇದು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ತೊಡಕಿದೆ. ರಾಜ್ಯದ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಎರಡು ವರ್ಷದವರೆಗೆ. ಆದರೆ ಬ್ಯಾಂಕ್ ಸಾಲ ಪಡೆದು ಸ್ವಯಂ ಉದ್ಯೋಗ ಮಾಡುವವರಿಗೆ ಅದು ಇಲ್ಲ. ನನ್ನ ಬ್ಯಾಚ್ ಮುಗಿಯುವವರೆಗೂ ಯೋಜನೆ ಮುಂದುವರಿದರೆ, ಸಾಲದ ಅರ್ಜಿಗೆ ಸಹಿ ಹಾಕಿದ ದಿನ ನಾನು ಅದರಿಂದ ಹೊರಗೆ. ಸುಮ್ಮನೆ ಕುಳಿತವನಿಗೆ ಆಗಸ್ಟ್‌ನಲ್ಲೂ 3,000, ಸಾಲ ಮಾಡಿ ದುಡಿದವನಿಗೆ ಆಗಸ್ಟ್‌ನಲ್ಲಿ ಸಾವಿರದ ನೂರು ಕೈಯಿಂದ ಕಳೆ! ನಿರುದ್ಯೋಗ ಭತ್ಯೆ ಬೇಡವೆಂದು ನಾನು ಹೇಳುವುದಿಲ್ಲ, ನಮ್ಮ ಓಣಿಯಲ್ಲಿ ಅದರಿಂದಲೇ ಸ್ಪರ್ಧಾತ್ಮಕ ಪರೀಕ್ಷೆಯ ಶುಲ್ಕ ಕಟ್ಟಿದವರಿದ್ದಾರೆ. ಕೆಲಸ ಆರಂಭಿಸಿದ ಮೊದಲ ವರ್ಷ ಆ ಹಣ ನಿಲ್ಲದೆ ಬಂದಿದ್ದರೆ ಎಷ್ಟೋ ಜನ ಧೈರ್ಯ ಮಾಡುತ್ತಿದ್ದರು ಎಂದಷ್ಟೇ ಹೇಳುತ್ತೇನೆ.

ಪಕೋಡ ಮಾರುವುದೂ ಉದ್ಯೋಗವೇ ಎಂಬ ಜಗಳ 2018ರಲ್ಲಿ ನಡೆದಾಗ ನಾನು ಏಳನೇ ತರಗತಿ. ಮನೆಯಲ್ಲಿ ಅಜ್ಜ ಅದನ್ನು ಕೇಳಿ ನಕ್ಕಿದ್ದರು. ಅವರು ಇಲ್ಲಿನ ಗಿರಣಿಯಲ್ಲಿ ನೂಲು ತೆಗೆದವರು. ಜಲಪಾತದ ನೀರಿನ ಬಲದಿಂದ 1887ರ ಹೊತ್ತಿಗೆ ತಿರುಗಲು ಶುರುವಾದ ಗಿರಣಿ ಅದು, ಫಾಲ್ಸ್ ಎಂಬ ಈ ಊರು ಬೆಳೆದದ್ದೇ ಅದರ ಸುತ್ತ. ಸೈರನ್ ಕೂಗಿದರೆ ಪಾಳಿ, ತಿಂಗಳು ಮುಗಿದರೆ ಪಗಾರ, ಹೊಳೆಗೆ ನೀರು ಬಂದರೂ ಬತ್ತಿದರೂ. ಅಜ್ಜನಿಗೆ ಆ ಪಗಾರದ ಮೇಲೆ ಮದುವೆ ಮಾಡಲು, ಮನೆ ಕಟ್ಟಲು ಸಾಲ ಸಿಕ್ಕಿತ್ತು. ನನಗೂ ಅಂಥದ್ದೇ ಬೇಕು ಎಂಬ ಆಸೆ ಇಲ್ಲದಿಲ್ಲ. ಮುಂದಿನ ಸೆಮಿಸ್ಟರಿಗೆ ಕ್ಯಾಂಪಸ್ ಸಂದರ್ಶನಗಳು ಶುರು. ಆದರೆ ಕಳೆದ ಜುಲೈನಲ್ಲಿ ಟಿಸಿಎಸ್‌ನಂಥ ಕಂಪನಿಯೇ ಶೇ 2ರಷ್ಟು, ಅಂದರೆ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿದ ಮೇಲೆ ನಮ್ಮ ಹಾಸ್ಟೆಲಿನಲ್ಲಿ ‘ಪರ್ಮನೆಂಟ್’ ಎಂಬ ಪದವನ್ನು ಯಾರೂ ಗಟ್ಟಿಯಾಗಿ ಹೇಳುತ್ತಿಲ್ಲ.

ಅರ್ಜಿಗೆ ನಾನಿನ್ನೂ ಸಹಿ ಹಾಕಿಲ್ಲ. ಗೆಳೆಯ ಒತ್ತಾಯ ಮಾಡಲಿಲ್ಲ. ‘ನೀ ನೌಕರಿಗೆ ಹೋಗಾಂವ ಇದ್ರ ಹೋಗು, ಆದ್ರ ಆಗಸ್ಟ್‌ದಾಗ ಏನ್ ಮಾಡೂದು ಅಂತ ಹೇಳಿ ಹೋಗು’ ಎಂದ. ಅವನಿಗೆ ಕ್ಯಾಂಪಸ್ ಸಂದರ್ಶನ ಇಲ್ಲ, ಗ್ಯಾರೇಜಿನ ಕೆಲಸವನ್ನೂ ನನ್ನ ಮಾತು ಕೇಳಿಯೇ ಬಿಟ್ಟಿದ್ದ.

ಅದಕ್ಕೇ ಈ ತಿಂಗಳಿಂದ ಒಂದು ಪ್ರಯತ್ನ ಮಾಡುತ್ತಿದ್ದೇವೆ. ವರ್ಷಕ್ಕೆ ಹನ್ನೆರಡು ಸಲ ಎಂದು ಮುಂಗಡ ಒಪ್ಪಂದ. ಮಳೆಗಾಲದ ಮೂರು ಸರದಿಯಲ್ಲಿ ಹೊರಗೆ ನೀರು ಹೊಡೆಯುವ ಬದಲು ಒಳಗಿನ ಕೆಲಸ: ಬೂಸಲು ತೆಗೆಯುವುದು, ಎ.ಸಿ.ಯ ಫಿಲ್ಟರ್ ಸ್ವಚ್ಛಗೊಳಿಸುವುದು, ಬಾಗಿಲಿನ ತಳದ ನೀರು ಹೋಗುವ ತೂತುಗಳನ್ನು ಬಿಡಿಸುವುದು. ಈ ತೂತು ಮುಚ್ಚಿದರೆ ಬಾಗಿಲು ಒಳಗಿಂದ ತುಕ್ಕು ಹಿಡಿಯುತ್ತದೆ ಎಂದು ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಶಾಲಾ ವಾಹನ ಓಡಿಸುವವರನ್ನೂ ಕೇಳುತ್ತಿದ್ದೇವೆ, ಮಳೆ ಬಂದರೂ ಶಾಲೆ ಇರುತ್ತದಲ್ಲ. ಆಗಸ್ಟ್ ತಿಂಗಳ ಕಂತು ತುಂಬಲು ಇಂಥ ಹನ್ನೆರಡು ಒಪ್ಪಂದ ಬೇಕು. ಇದುವರೆಗೆ ಒಪ್ಪಿದವರು ಐವರು. ಅವರಲ್ಲಿ ಒಬ್ಬರು ಕೊಣ್ಣೂರಿನ ಆ ಹಿರಿಯರು, ಕಬ್ಬಿನ ಬಿಲ್ಲು ಬಂದ ಮೇಲೆ ದುಡ್ಡು ಕೊಡುತ್ತೇನೆಂದಿದ್ದಾರೆ.